ಖಾಲಿ ಫೋಟೋಗಳ ಲೆಕ್ಕ

ಬೆಳಗಿನ ಜಾವ ಐದೂಮುಕ್ಕಾಲು. ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮುಂದೆ ಟಾರ್ಚ್ ಹಿಡಿದು ಹೋಗುತ್ತಿರುವವರು ನಮ್ಮ ಮೇಷ್ಟ್ರು. ನಿವೃತ್ತರಾಗಿ ಆರು ವರ್ಷವಾಯಿತು, ಆದರೆ ಕಾಡುಪ್ರಾಣಿಗಳ ಲೆಕ್ಕ ಇಡುವ ನಮ್ಮ ಗುಂಪಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರೇ ಅಂತಲೇ ಕರೆಯುತ್ತೇವೆ. ಅವರ ಹಿಂದೆ, ಹತ್ತು ಹೆಜ್ಜೆ ಬಿಟ್ಟು, ನಾನು. ಇಬ್ಬರ ಕಣ್ಣೂ ನೆಲದ ಮೇಲಿದೆ. ಮೊದಲ ಸಲ ಬಂದಾಗ ನಾನು ಬರೀ ಪೊದೆಗಳನ್ನೇ ನೋಡುತ್ತಿದ್ದೆ, ಈಗ ಏನಾದರೂ ಕಾಣುತ್ತದೆ, ಈಗ ಕಾಣುತ್ತದೆ ಅಂತ. "ನೆಲ ನೋಡಮ್ಮ, ರಾತ್ರಿ ಓಡಾಡಿದವರೆಲ್ಲ ಅಲ್ಲಿ ಸಹಿ ಹಾಕಿ ಹೋಗಿದ್ದಾರೆ" ಅಂದಿದ್ದರು ಮೇಷ್ಟ್ರು.

ಇಲ್ಲಿ ನೋಡಿ, ಒದ್ದೆ ಮಣ್ಣಿನ ಮೇಲೆ. ನಾಲ್ಕು ಬೆರಳು, ಹಿಂದೆ ಅಂಗಾಲಿನ ದೊಡ್ಡ ಗುರುತು. ಉಗುರು ಮೂಡಿಲ್ಲ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತವೆ. ನಾಯಿಯ ಉಗುರು ಹಾಗೆ ಒಳಗೆ ಹೋಗುವುದಿಲ್ಲ, ಮಣ್ಣಿನಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಈ ಹೆಜ್ಜೆ ನನ್ನ ಅಂಗೈಗಿಂತ ತುಂಬಾ ಚಿಕ್ಕದು. ಕಾಡುಬೆಕ್ಕು ಇರಬಹುದು ಅಂತ ಬರೆದುಕೊಂಡೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದೆ. ಅಳತೆಯೇ ಗೊತ್ತಾಗದ ಹೆಜ್ಜೆಯ ಫೋಟೋ ನೋಡಿ ಆಮೇಲೆ ಯಾರೂ ಏನೂ ಹೇಳಲಾರರು.

ನಮಸ್ಕಾರ ಎಲ್ಲರಿಗೂ. ಎಂಟು ತಿಂಗಳಿಂದ ನಾನು ಈ ಕಾಡಿನ ಪ್ರಾಣಿಗಳ ಲೆಕ್ಕ ಇಡುವ ಗುಂಪಿನಲ್ಲಿ ಸ್ವಯಂಸೇವಕಿ. ನಾನು ಓದಿದ್ದು ಪ್ರಾಣಿಶಾಸ್ತ್ರವಲ್ಲ. ಗುಂಪಿನಲ್ಲಿ ಹೆಚ್ಚಿನವರು ನನ್ನ ಹಾಗೇ, ವಾರವೆಲ್ಲ ಬೇರೆ ಕೆಲಸ ಮಾಡುವವರು. ತಿಂಗಳಿಗೆ ಎರಡು ಸಲ ಗೊತ್ತುಮಾಡಿದ ದಾರಿಯಲ್ಲಿ ನಡೆಯುವುದು, ಕಂಡಿದ್ದನ್ನು ಬರೆಯುವುದು. ತಿಂಗಳಿಗೊಮ್ಮೆ ಕ್ಯಾಮೆರಾಗಳ ಕಾರ್ಡ್ ಬದಲಾಯಿಸುವುದು. ಅರಣ್ಯ ಇಲಾಖೆಯ ಅನುಮತಿ ಇದೆ, ಬರುವ ಮುಂಚೆ ಸಿಬ್ಬಂದಿಗೆ ತಿಳಿಸಿಯೇ ಬರುತ್ತೇವೆ. ಕಾಡು ಯಾವುದು ಅಂತ ಮಾತ್ರ ಈ ವೀಡಿಯೋದಲ್ಲಿ ಹೇಳುವುದಿಲ್ಲ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇದೇ ಕ್ಯಾಮೆರಾ ಟ್ರ್ಯಾಪ್. ಟಿಫಿನ್ ಡಬ್ಬಿಯಷ್ಟು ದೊಡ್ಡದು. ಮರಕ್ಕೆ ಮೊಣಕಾಲಿನ ಎತ್ತರದಲ್ಲಿ ಪಟ್ಟಿಯಿಂದ ಬಿಗಿದಿದ್ದೇವೆ. ಒಳಗಿರುವ ಸೆನ್ಸರ್ ನೋಡುವುದು ಪ್ರಾಣಿಯ ಆಕಾರವನ್ನಲ್ಲ, ಅಲುಗಾಡುವ ಬಿಸಿಯನ್ನು. ಹಿಂದಿನ ಮಣ್ಣು, ಎಲೆ ಒಂದು ಬಿಸಿ, ಮುಂದೆ ಹಾದುಹೋದ ಮೈ ಇನ್ನೊಂದು ಬಿಸಿ. ಆ ವ್ಯತ್ಯಾಸ ಕಂಡ ತಕ್ಷಣ ಫೋಟೋ. ಬಿರುಬಿಸಿಲಿನ ಮಧ್ಯಾಹ್ನ ನೆಲವೂ ಮೈಯಷ್ಟೇ ಕಾದಿರುತ್ತದೆ, ಆಗ ಪ್ರಾಣಿ ಎದುರೇ ಹೋದರೂ ಕ್ಯಾಮೆರಾ ಸುಮ್ನೆ ಇರಬಹುದು. ಅದೇ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದರೆ ಸಾಕು, ಫೋಟೋ ಮೇಲೆ ಫೋಟೋ.

ನನ್ನ ಮೊದಲ ಕಾರ್ಡ್ ಹಾಗೇ ಆಗಿತ್ತು. ಎರಡು ಸಾವಿರಕ್ಕಿಂತ ಜಾಸ್ತಿ ಫೋಟೋ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತೆ, ಎಷ್ಟು ಆಸೆ ಇತ್ತು ಗೊತ್ತಾ? ಹುಲ್ಲು. ಹುಲ್ಲು. ಹುಲ್ಲಿನ ಮೇಲೆ ಬಿಸಿಲು. ಮತ್ತೆ ಹುಲ್ಲು. ಪ್ರಾಣಿ ಇದ್ದದ್ದು ಹನ್ನೊಂದೇ ಫೋಟೋದಲ್ಲಿ. ಒಂದು ಮುಂಗುಸಿ, ಒಂದು ಮುಳ್ಳುಹಂದಿ, ಉಳಿದಿದ್ದೆಲ್ಲ ಕಾಡುಹಂದಿ. ನಾನು ಕ್ಯಾಮೆರಾ ಮುಂದಿನ ಹುಲ್ಲನ್ನು ಸವರಿರಲಿಲ್ಲ. ಲೆನ್ಸ್ ಬೇರೆ ಪೂರ್ವಕ್ಕೆ ಮುಖ ಮಾಡಿತ್ತು, ಬೆಳಗಿನ ಬಿಸಿಲು ನೇರ ಬೀಳುತ್ತಿತ್ತು. ಈಗ ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿಯೇ ಕಟ್ಟುತ್ತೇನೆ. ಕಟ್ಟಿದ ಮೇಲೆ ಎದುರಿಗೆ ಬಗ್ಗಿ ನಡೆದು ನೋಡುತ್ತೇನೆ, ನನ್ನನ್ನು ಹಿಡಿಯಿತಾ ಅಂತ. ತಾರೀಕು, ಗಂಟೆ ಸರಿ ಇದೆಯಾ ಅಂತ ಎರಡು ಸಲ ನೋಡುತ್ತೇನೆ. ಗಡಿಯಾರ ತಪ್ಪಿದರೆ ರಾತ್ರಿ ಓಡಾಡುವ ಪ್ರಾಣಿ ಹಗಲಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆದರೆ ನಿಜವಾದ ತಪ್ಪು ಮಾಡಿದ್ದು ಎರಡನೇ ತಿಂಗಳು. ಆ ದಿನ ದಾರಿಯ ಎರಡು ಕಿಲೋಮೀಟರನ್ನೂ ನಡೆದೆ. ಒಂದು ಜಿಂಕೆ ಇಲ್ಲ, ಒಂದು ಮೊಲ ಇಲ್ಲ, ಹಿಕ್ಕೆ ಕೂಡ ಸಿಗಲಿಲ್ಲ. ಬರೆಯಲು ಏನೂ ಇಲ್ಲವಲ್ಲ ಅಂದುಕೊಂಡು ಫಾರಂ ಕಳಿಸಲೇ ಇಲ್ಲ. ನಾಲ್ಕು ದಿನ ಬಿಟ್ಟು ಗುಂಪನ್ನು ನೋಡಿಕೊಳ್ಳುವ ಮೇಡಂ ಫೋನ್ ಮಾಡಿದರು.

"ನೀವು ಭಾನುವಾರ ನಡೆದಿರಾ?"

"ನಡೆದೆ ಮೇಡಂ. ಏನೂ ಸಿಗಲಿಲ್ಲ."

"ಹಾಗಾದರೆ ಏನೂ ಸಿಗಲಿಲ್ಲ ಅಂತಲೇ ಬರೆದು ಕಳಿಸಿ. ನೀವು ಬರೆಯದಿದ್ದರೆ ಅವತ್ತು ಆ ದಾರಿಗೆ ಯಾರೂ ಹೋಗೇ ಇಲ್ಲ ಅಂತಾಗುತ್ತದೆ."

ಗದರಿಸಲಿಲ್ಲ ಅವರು. ಆದರೂ ನನಗೆ ತುಂಬಾ ಹೊತ್ತು ಮನಸ್ಸು ಚುಚ್ಚುತ್ತಿತ್ತು. ಖಾಲಿ ಬಿಟ್ಟ ಜಾಗವೂ ಸೊನ್ನೆಯೂ ಒಂದೇ ಅಂತ ನಾನು ಅಂದುಕೊಂಡಿದ್ದೆ. ಸೊನ್ನೆ ಅಂದರೆ ಹೋಗಿ, ಹುಡುಕಿ, ಸಿಗಲಿಲ್ಲ ಅಂತ. ಖಾಲಿ ಅಂದರೆ ಗೊತ್ತೇ ಇಲ್ಲ ಅಂತ.

ಇನ್ನೂ ಒಂದು ವಿಷಯ ಇದೆ. ಪ್ರಾಣಿ ಕಾಣಲಿಲ್ಲ ಅಂದರೆ ಪ್ರಾಣಿ ಇಲ್ಲ ಅಂತಲ್ಲ, ಅಲ್ವಾ? ಒಂದು ಲೆಕ್ಕ ಹಾಕೋಣ. ಆ ಜಾಗದಲ್ಲಿ ಪ್ರಾಣಿ ಇದೆ, ಆದರೆ ಹೋದಾಗಲೆಲ್ಲ ಅರ್ಧಕ್ಕರ್ಧ ಸಲ ಮಾತ್ರ ಸುಳಿವು ಸಿಗುತ್ತದೆ ಅಂದುಕೊಳ್ಳಿ. ಒಂದೇ ಸಲ ಹೋದರೆ ತಪ್ಪಿಹೋಗುವ ಸಾಧ್ಯತೆ ಎರಡರಲ್ಲಿ ಒಂದು. ಮೂರು ಸಲ ಹೋಗಿ ಮೂರೂ ಸಲ ತಪ್ಪಿಹೋಗುವ ಸಾಧ್ಯತೆ ಎಂಟರಲ್ಲಿ ಒಂದು. ಅದಕ್ಕೇ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು. ಹೋದ ಪ್ರತಿ ಸಲದ ಸಿಕ್ಕಿತು, ಸಿಗಲಿಲ್ಲ ಎರಡನ್ನೂ ಬರೆದಿಟ್ಟರೆ, ನಮ್ಮ ಕಣ್ಣು ಎಷ್ಟು ಸಲ ತಪ್ಪುತ್ತದೆ ಅನ್ನುವುದನ್ನೇ ಅಳೆಯಬಹುದು. ಸಂಖ್ಯಾಶಾಸ್ತ್ರಜ್ಞ ಡ್ಯಾರಿಲ್ ಮೆಕೆಂಝಿ ಮತ್ತು ಅವರ ಜೊತೆಗಾರರು ಈ ಲೆಕ್ಕದ ದಾರಿಯನ್ನು 2002ರಲ್ಲಿ ಪ್ರಕಟಿಸಿದರು. ಅವರು ತೆಗೆದುಕೊಂಡ ಉದಾಹರಣೆ ಕಪ್ಪೆಗಳು. ಕೊಳದಲ್ಲಿ ಕಪ್ಪೆ ಇದ್ದರೂ, ನಾವು ಹೋದ ರಾತ್ರಿ ಅದು ಕೂಗದೇ ಇರಬಹುದು. ನನಗೆ ಆ ಉದಾಹರಣೆಯಿಂದಲೇ ಪೂರ್ತಿ ಅರ್ಥವಾಗಿದ್ದು.

ಹಕ್ಕಿ ನೋಡುವವರಿಗೆ ಇದು ಹೊಸದಲ್ಲ. ಕಂಡ ಹಕ್ಕಿಗಳನ್ನು ಯಾರು ಬೇಕಾದರೂ ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಪಟ್ಟಿ ಕಳಿಸುವ ಮುಂಚೆ ಒಂದು ಪ್ರಶ್ನೆ ಬರುತ್ತದೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಅಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿಗಳಿಂದಲೂ ವಿಜ್ಞಾನಿಗಳು ಏನೋ ತಿಳಿದುಕೊಳ್ಳುತ್ತಾರೆ. ಚೆಂದದ ಹಕ್ಕಿ ಬರೆದು, ಕಾಗೆ ಬಿಟ್ಟರೆ, ಆ ಪಟ್ಟಿಯಿಂದ ಕಾಗೆ ಬಗ್ಗೆ ಏನೂ ಹೇಳಲಾಗುವುದಿಲ್ಲ. ಜನಸಾಮಾನ್ಯರು ಸೇರಿ ಲೆಕ್ಕ ಹಾಕುವ ಈ ಅಭ್ಯಾಸ ತುಂಬಾ ಹಳೆಯದು. ಅಮೆರಿಕದಲ್ಲಿ 1900ರ ಕ್ರಿಸ್‌ಮಸ್ ದಿನ, ಹಕ್ಕಿಗಳನ್ನು ಹೊಡೆಯುವ ಪಂದ್ಯದ ಬದಲು ಎಣಿಸೋಣ ಅಂತ ಹಕ್ಕಿ ತಜ್ಞ ಫ್ರಾಂಕ್ ಚಾಪ್‌ಮನ್ ಕರೆ ಕೊಟ್ಟಾಗ ಬಂದವರು 27 ಜನ. ಆ ಎಣಿಕೆ ಇವತ್ತಿಗೂ ನಡೆಯುತ್ತಿದೆ.

ಖಾಲಿ ಫೋಟೋ ನೋಡಿ ಬೇಸರವಾದಾಗ ನಾನು ನೆನೆಸಿಕೊಳ್ಳುವುದು ಸೆರೆಂಗೆಟಿಯನ್ನು. ತಾಂಜಾನಿಯಾದ ಆ ಕಾಡುಬಯಲಿನಲ್ಲಿ 225 ಕ್ಯಾಮೆರಾ ಇಟ್ಟಿದ್ದರು. 2015ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 12 ಲಕ್ಷ ಸಲ ಕ್ಯಾಮೆರಾ ಕ್ಲಿಕ್ಕಾಗಿತ್ತು. ಪ್ರಾಣಿ ಇದ್ದದ್ದು ಸುಮಾರು 3 ಲಕ್ಷ 22 ಸಾವಿರ ಸಲ. ಉಳಿದಿದ್ದು ಹುಲ್ಲು, ಗಾಳಿ, ಬಿಸಿಲು! ಅದನ್ನೆಲ್ಲ ಕೂತು ನೋಡಿದವರು ಸ್ವಯಂಸೇವಕರು, ಸಾವಿರಾರು ಜನ, ಅವರವರ ಮನೆಯಲ್ಲಿ. ಒಂದೇ ಫೋಟೋವನ್ನು ಹಲವರಿಗೆ ತೋರಿಸಿ ಒಮ್ಮತ ತೆಗೆದರು. ತಜ್ಞರ ಉತ್ತರದ ಜೊತೆ ಹೋಲಿಸಿದಾಗ ಪ್ರಾಣಿ ಯಾವುದು ಅನ್ನುವುದು ನೂರಕ್ಕೆ 96ಕ್ಕಿಂತ ಜಾಸ್ತಿ ಸರಿ ಇತ್ತು.

ಸರಿ, ಮತ್ತೆ ನಮ್ಮ ದಾರಿಗೆ. ಇಲ್ಲಿ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇದೆ. ಚಿರತೆಗಾಗಿ. ಚಿರತೆಯ ಎಡಗಡೆಯ ಚುಕ್ಕೆಗಳೇ ಬೇರೆ, ಬಲಗಡೆಯವೇ ಬೇರೆ. ಒಂದೇ ಕ್ಯಾಮೆರಾ ಇಟ್ಟು, ಮೊದಲ ರಾತ್ರಿ ಎಡಮೈ, ಮರುರಾತ್ರಿ ಬಲಮೈ ಸಿಕ್ಕಿದರೆ, ಬಂದಿದ್ದು ಒಂದೋ ಎರಡೋ ಹೇಳಲಾಗುವುದಿಲ್ಲ. ನಮಗೆ ಹಾಗೇ ಆಗಿತ್ತು. ಮೂರು ವಾರ ಆ ಎರಡು ಫೋಟೋ ಇಟ್ಟುಕೊಂಡು ಕೂತಿದ್ದೆವು. ಆಮೇಲೆ ಜೋಡಿ ಕ್ಯಾಮೆರಾ ಬಂತು, ಒಂದೇ ಕ್ಷಣದಲ್ಲಿ ಎರಡೂ ಬದಿ ಸಿಕ್ಕಿತು. ಒಂದೇ ಚಿರತೆ, ಹೆಣ್ಣು. ಮೈಮೇಲಿನ ಗುರುತಿನಿಂದ ಒಂದೊಂದು ಪ್ರಾಣಿಯನ್ನೂ ಬೇರೆ ಬೇರೆ ಗುರುತಿಸಿ ಒಟ್ಟು ಎಷ್ಟಿವೆ ಅಂತ ಅಂದಾಜು ಮಾಡುವ ಕೆಲಸವನ್ನು ಹುಲಿಯ ಪಟ್ಟೆಗಳ ಮೇಲೆ ನಾಗರಹೊಳೆಯಲ್ಲಿ ಮಾಡಿ ತೋರಿಸಿದವರು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು. ಅವರ ಪ್ರಬಂಧ ಬಂದಿದ್ದು 1995ರಲ್ಲಿ.

ಈ ಚಿರತೆಯ ಫೋಟೋ ನಿಮಗೆ ತೋರಿಸುತ್ತಿದ್ದೇನೆ, ಆದರೆ ಹಿಂದಿನ ಬಂಡೆ, ಮರ ಎಲ್ಲ ಮಸುಕು ಮಾಡಿದ್ದೇನೆ. ಫೋನಿನ ಫೋಟೋದೊಳಗೆ ಜಾಗದ ಗುರುತು ಸೇರಿಕೊಂಡಿರುತ್ತದೆ, ಅದನ್ನೂ ತೆಗೆದಿದ್ದೇನೆ. ಪ್ರಾಣಿ ಎಲ್ಲಿ ಬರುತ್ತದೆ ಅಂತ ತಿಳಿಯಲು ಬೇಟೆಗಾರರಿಗೂ ಆಸೆ ಇರುತ್ತದೆ. ಜನರು ಕಂಡ ಗಿಡ, ಪ್ರಾಣಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್ ಜಾಲತಾಣ ಕೂಡ ಅಪಾಯದಲ್ಲಿರುವ ಪ್ರಾಣಿಗಳ ಸರಿಯಾದ ಜಾಗವನ್ನು ಎಲ್ಲರಿಗೂ ತೋರಿಸುವುದಿಲ್ಲ, ಸುಮಾರು 20 ಕಿಲೋಮೀಟರ್ ಅಗಲದ ಚೌಕದಲ್ಲಿ ಎಲ್ಲೋ ಇದೆ ಅಂತ ಮಾತ್ರ ಹೇಳುತ್ತದೆ. ಇನ್ನೊಂದು ಮಾತು. ನಮ್ಮ ಕ್ಯಾಮೆರಾದಲ್ಲಿ ಮನುಷ್ಯರೂ ಬೀಳುತ್ತಾರೆ. ಸೌದೆಗೆ ಬಂದವರು, ದನ ಹುಡುಕಿಕೊಂಡು ಬಂದವರು. ಅವರು ಫೋಟೋಗೆ ಒಪ್ಪಿಗೆ ಕೊಟ್ಟಿಲ್ಲ. "ಮನುಷ್ಯ" ಅಂತ ಒಂದು ಗುರುತು ಹಾಕಿ ಆ ಫೋಟೋ ಅಳಿಸುತ್ತೇವೆ. ಯಾರಿಗೂ ತೋರಿಸುವುದಿಲ್ಲ. ನನಗೆ ಇದು ಪ್ರಾಣಿಯ ಲೆಕ್ಕದಷ್ಟೇ ಮುಖ್ಯ.

ಈಗ ಹಳ್ಳದ ದಂಡೆ. ನನಗೆ ಅತಿ ಇಷ್ಟದ ಜಾಗ ಇದು. ಮೊದಲ ತಿಂಗಳು ಇಲ್ಲಿನ ಕ್ಯಾಮೆರಾದಲ್ಲಿ ನೀರುನಾಯಿ ಬಿದ್ದಿತ್ತು. ಮೂರು ಫೋಟೋ, ರಾತ್ರಿ ಎರಡೂವರೆಗೆ, ಕುಟುಂಬವೇ ಬಂದಿತ್ತು. ನಾನು ಆ ಫೋಟೋವನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ. ಆಮೇಲೆ ಏಳು ತಿಂಗಳು, ಒಂದೂ ಇಲ್ಲ. ಪ್ರತಿ ತಿಂಗಳೂ ಆ ಅಂಕಣದಲ್ಲಿ ಸೊನ್ನೆ ಬರೆದೆ. ಜೊತೆಗೆ ಕ್ಯಾಮೆರಾ ಎಷ್ಟು ರಾತ್ರಿ ಕೆಲಸ ಮಾಡಿತು ಅನ್ನುವುದನ್ನೂ ಬರೆದೆ. ಬ್ಯಾಟರಿ ಹತ್ತೇ ದಿನಕ್ಕೆ ಮುಗಿದಿದ್ದರೆ ಆ ಸೊನ್ನೆಗೆ ಹತ್ತು ರಾತ್ರಿಯ ತೂಕ ಮಾತ್ರ. ಹಳ್ಳ ಬಿಟ್ಟು ಹೋಗಿಬಿಟ್ಟವೇನೋ ಅಂತ ಒಳಗೊಳಗೇ ಹೆದರಿಕೆ ಶುರುವಾಗಿತ್ತು.

ಇವತ್ತಿನ ಕಾರ್ಡನ್ನು ಇಲ್ಲೇ ಮೇಷ್ಟ್ರ ಟ್ಯಾಬ್‌ಗೆ ಹಾಕಿ ನೋಡಿದೆವು. 28 ರಾತ್ರಿ ಕೆಲಸ ಮಾಡಿದೆ. ಕಾಡುಹಂದಿ, ಮುಂಗುಸಿ, ಒಂದು ಪುನುಗು ಬೆಕ್ಕು. ನೀರುನಾಯಿ ಇಲ್ಲ.

ನಾನು ಸೊನ್ನೆ ಬರೆಯುವಾಗ ಮೇಷ್ಟ್ರು ಆಚೆ ದಂಡೆಯ ಬಂಡೆ ಮೇಲಿದ್ದರು. "ಬಾಮ್ಮ ಇಲ್ಲಿ, ಬೇಗ ಬಾ" ಅಂದರು. ಬಂಡೆ ಮೇಲೆ ಹಿಕ್ಕೆ. ಹೊಸದು, ಇನ್ನೂ ಒದ್ದೆ. ಏಡಿ ಚಿಪ್ಪಿನ ಚೂರು, ಮೀನಿನ ಸಣ್ಣ ಸಣ್ಣ ಮೂಳೆ. ಹತ್ತಿರ ಬಗ್ಗಿದರೆ ಮೀನಿನ ವಾಸನೆ. ನೀರುನಾಯಿಯದೇ. ನನ್ನ ಕೈ ನಡುಗುತ್ತಿರುವುದು ವೀಡಿಯೋದಲ್ಲಿ ನಿಮಗೂ ಕಾಣುತ್ತಿರಬಹುದು.

ಮೇಡಂಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ನೀರಿನಿಂದ ಆಗಷ್ಟೇ ಎದ್ದು ಬಂದ ನೀರುನಾಯಿಯ ಒದ್ದೆ ತುಪ್ಪಳ ಹೊರಗೆ ತಣ್ಣಗಿರುತ್ತದಂತೆ. ಎಷ್ಟೋ ಸಲ ಸೆನ್ಸರ್‌ಗೆ ಬಿಸಿಯ ವ್ಯತ್ಯಾಸ ಸಿಗುವುದಿಲ್ಲ, ಅದು ಎದುರೇ ಹಾದುಹೋದರೂ ಕ್ಯಾಮೆರಾ ಎಚ್ಚರವಾಗುವುದಿಲ್ಲ. ಅದಕ್ಕೇ ಪ್ರತಿ ಸಲ ಬಂಡೆಗಳನ್ನೂ ನೋಡಿ ಅಂತ ಫಾರಂನಲ್ಲಿ ಬೇರೆ ಅಂಕಣ ಇಟ್ಟಿದ್ದು. ನನ್ನ ಏಳು ತಿಂಗಳ ಸೊನ್ನೆಗಳೂ ಇವತ್ತಿನ ಹಿಕ್ಕೆಯೂ ಒಟ್ಟಿಗೆ ಇದ್ದರೆ, ಈ ಹಳ್ಳದಲ್ಲಿ ಕ್ಯಾಮೆರಾ ಎಷ್ಟು ತಪ್ಪುತ್ತಿದೆ ಅಂತ ಅಂದಾಜು ಮಾಡಲು ಆರಂಭಿಸಬಹುದು ಅಂದರು.

"ಕ್ಯಾಮೆರಾವನ್ನು ಬಂಡೆ ಕಡೆಗೆ ತಿರುಗಿಸಿ ಕಟ್ಟಲಾ ಮೇಡಂ?" ಅಂತ ಕೇಳಿದೆ.

"ಬೇಡ. ಈ ಋತು ಮುಗಿಯುವ ತನಕ ಅಲ್ಲೇ ಇರಲಿ. ಮಧ್ಯದಲ್ಲಿ ಜಾಗ ಬದಲಾಯಿಸಿದರೆ ಹಿಂದಿನ ತಿಂಗಳಿಗೂ ಮುಂದಿನ ತಿಂಗಳಿಗೂ ಹೋಲಿಸಲು ಆಗುವುದಿಲ್ಲ."

ಹಾಗಾಗಿ ಹೊಸ ಕಾರ್ಡ್ ಹಾಕಿದೆ, ಬ್ಯಾಟರಿ ಬದಲಾಯಿಸಿದೆ, ಮುಂದಿನ ಹುಲ್ಲು ಸವರಿದೆ. ಎದುರಿಗೆ ಬಗ್ಗಿ ನಡೆದೆ, ಕೆಂಪು ದೀಪ ಮಿನುಗಿತು. ಮೇಷ್ಟ್ರು ಫಾರಂ ಹಿಡಿದು ಓದುತ್ತಿದ್ದಾರೆ, ಕೇಳಿಸಿಕೊಳ್ಳಿ: ನೀರುನಾಯಿ, ಕ್ಯಾಮೆರಾ, ಸೊನ್ನೆ. ನೀರುನಾಯಿ, ಬಂಡೆ, ಒಂದು.