ಪೀಳಿಗೆ ಬದಲಾದರೂ ಮಾಯದ ಬಾಲ್ಯದ ಗಾಯ

ಕೇಳುಗರಿಗೆ ನಮಸ್ಕಾರ.

"ನಾವೂ ಏಟು ತಿಂದೇ ಬೆಳೆದವರು, ಏನಾಯ್ತು ನಮಗೆ?" ಹಿರಿಯರ ಬಾಯಲ್ಲಿ ಈ ಮಾತು ಕೇಳಿರ್ತೀರಿ, ಅಲ್ವಾ? ಏನಾಯ್ತು ಅಂತ ನಿಜಕ್ಕೂ ವಿಚಾರಿಸಿದವರಿದ್ದಾರೆ.

1995ರಿಂದ 1997ರವರೆಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವೈದ್ಯರಾದ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಅವರ ತಂಡ 17,000ಕ್ಕೂ ಹೆಚ್ಚು ವಯಸ್ಕರ ಬಾಲ್ಯದ ಬಗ್ಗೆ ಕೇಳಿತು. ಮೈ ಮೇಲೆ ಗುರುತು ಬೀಳುವಷ್ಟು ಹೊಡೆದಿದ್ದರಾ? ಅಮ್ಮನಿಗೆ ಹೊಡೆಯುವುದನ್ನು ನೋಡಿದ್ದೀರಾ? ಮನೆಯಲ್ಲಿ ಕುಡಿತದ ಚಟ ಇದ್ದವರಿದ್ದರಾ? ಸುಮಾರು ಮೂರರಲ್ಲಿ ಎರಡು ಪಾಲು ಜನ ಒಂದಕ್ಕಾದರೂ ಹೌದು ಅಂದರು. ಅವರಲ್ಲಿ ಹೆಚ್ಚಿನವರು ಓದಿದವರು, ಆರೋಗ್ಯ ವಿಮೆ ಇದ್ದವರು.

ಆಮೇಲೆ ಇದೇ ಜನರನ್ನು ಹುಟ್ಟಿದ ವರ್ಷದ ಮೇಲೆ ನಾಲ್ಕು ಗುಂಪು ಮಾಡಿದರು. 2003ರಲ್ಲಿ ಅದರ ಫಲಿತಾಂಶ ಬಂತು. ಹಿರಿಯರ ಗುಂಪು 1900ರಿಂದ 1931ರ ನಡುವೆ ಹುಟ್ಟಿದವರದು, ಕಿರಿಯರದು 1962ರಿಂದ 1978. ನಡುವೆ ಮಹಾಯುದ್ಧ ಬಂದು ಹೋಗಿತ್ತು, ಸಿಗರೇಟು, ಕುಡಿತದ ಬಗ್ಗೆ ಜನರ ಅಭಿಪ್ರಾಯವೂ ಬದಲಾಗಿತ್ತು. ಆದರೂ ನಾಲ್ಕೂ ಗುಂಪಿನಲ್ಲಿ ಕಂಡದ್ದು ಒಂದೇ. ಬಾಲ್ಯದಲ್ಲಿ ನೋವಿನ ಅನುಭವ ಜಾಸ್ತಿಯಾದಷ್ಟೂ ಖಿನ್ನತೆ, ಕುಡಿತ, ಆತ್ಮಹತ್ಯೆಯ ಪ್ರಯತ್ನ ಜಾಸ್ತಿ.

ಹಾಗಾಗಿ ಈಗಿನ ಹುಡುಗರು ಸುಮ್ನೆ ನಾಜೂಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರು ಬಾಯಿಬಿಟ್ಟು ಹೇಳುತ್ತಿದ್ದಾರೆ. ಹಿಂದಿನವರು ನುಂಗಿಕೊಂಡರು. ಆ ನುಂಗಿದ್ದು ಎಷ್ಟೋ ಮನೆಗಳಲ್ಲಿ ಸಿಡುಕಾಗಿ, ಮಾತೇ ಆಡದ ಮೌನವಾಗಿ ಮಕ್ಕಳ ಮೇಲೆ ಬಿತ್ತು.

ರಾತ್ರಿ ಹಾಸಿಗೆಯಲ್ಲಿ ಎಚ್ಚರವಾಗಿದ್ದು, ಅಪ್ಪನ ಹೆಜ್ಜೆ ಸದ್ದಿನಲ್ಲೇ ಇವತ್ತು ಕುಡಿದಿದ್ದಾನಾ ಅಂತ ಅಳೆಯುವ ಮಗುವನ್ನು ನೆನೆಸಿಕೊಳ್ಳಿ. ಎದೆ ಹೊಡೆದುಕೊಳ್ಳುತ್ತದೆ, ಮೈಯೆಲ್ಲ ಬಿಗಿ. ದಿನಾ ಹೀಗಾದರೆ ಮೈಗೆ ಅದೇ ಅಭ್ಯಾಸವಾಗುತ್ತದೆ. ಮೂವತ್ತು ವರ್ಷ ಕಳೆದ ಮೇಲೆ ಆಫೀಸಿನಲ್ಲಿ ಯಾರೋ ದನಿ ಏರಿಸಿದರೂ ಅಂಗೈ ಬೆವರಬಹುದು. ಅವರಿಗೇ ಕಾರಣ ಗೊತ್ತಾಗುವುದಿಲ್ಲ.

ಹಾಗಂತ ಇದು ಹಣೆಬರಹ ಅಲ್ಲ. ಇಂಥ ಅನುಭವ ಎಷ್ಟು ಬಗೆಯದು ಅಂತ ಎಣಿಸಿ ಅಂಕ ಕೊಡುತ್ತಾರೆ. ಆ ಅಂಕ ಹೆಚ್ಚು ಬಂತು ಅಂದ ಮಾತ್ರಕ್ಕೆ ಒಬ್ಬರ ಭವಿಷ್ಯ ಹೇಳಲು ಬರುವುದಿಲ್ಲ, ಆಂಡಾ ಅವರೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ನಂಬಿಕೆಯ ಒಬ್ಬ ದೊಡ್ಡವರು ಜೊತೆಗಿದ್ದ ಮಗು ಎಷ್ಟೋ ಮಟ್ಟಿಗೆ ತಡೆದುಕೊಳ್ಳುತ್ತದೆ. ಅದು ಅಜ್ಜಿ ಆಗಬಹುದು, ಟೀಚರ್ ಆಗಬಹುದು.

ದೊಡ್ಡವರಾದ ಮೇಲೂ ಚಿಕಿತ್ಸೆ ಇದೆ, ಅರವತ್ತು ದಾಟಿದವರಿಗೂ ಅದರಿಂದ ಗುಣ ಕಂಡಿದೆ. ನಿದ್ದೆ ಬಾರದೆಯೋ, ಕುಡಿತ ಬಿಡಲಾಗದೆಯೋ ವೈದ್ಯರ ಹತ್ತಿರ ಹೋದಾಗ ಚಿಕ್ಕಂದಿನಲ್ಲಿ ಮನೆಯಲ್ಲಿ ನಡೆದದ್ದನ್ನೂ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.

ನಮಸ್ಕಾರ.