ಮೀನಿಗೊಂದು ಊರಿನ ಚೀಟಿ

ಅಧ್ಯಕ್ಷರೇ, ಗೆಳೆಯರೇ, ಹಿಂದಿನ ಸಾಲಿನಲ್ಲಿ ಕೂತ ಮಕ್ಕಳೇ,

ಮೇಜಿನ ಮೇಲೆ ಎರಡು ಬಾಟಲಿ ಇಟ್ಟಿದ್ದೇನೆ. ಎರಡರಲ್ಲೂ ಕಿಲ್ಲಿ ಮೀನು. ಒಂದು ಪೂರ್ವ ಆಫ್ರಿಕಾ ಕಡೆಯ ಜಾಂಜಿಬಾರ್ ದ್ವೀಪದ ಜಾತಿ. ಇನ್ನೊಂದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಬಸಿಗಾಲುವೆಯದು. ಒಳಗೆ ಬರುವಾಗ ನೀವೆಲ್ಲ ಮೊದಲನೆಯದನ್ನೇ ಮುತ್ತಿಕೊಂಡಿರಿ. ಕೆಂಪು ಬಾಲ, ಮೈತುಂಬ ನೀಲಿ ಹೊಳಪು. ನಲವತ್ತು ವರ್ಷದ ಹಿಂದೆ ನಾನೂ ಅದಕ್ಕೇ ಮರುಳಾದೆ.

ಕಿಲ್ಲಿ ಅಂದರೆ ಕೊಲ್ಲುವ ಮೀನಲ್ಲ. ಡಚ್ ಭಾಷೆಯಲ್ಲಿ 'ಕಿಲ್' ಅಂದರೆ ಹಳ್ಳ. ಹಳ್ಳದ ಮೀನು, ಅಷ್ಟೇ.

ಮೊದಲನೇ ಬಾಟಲಿಯ ಈ ಜಾತಿಯ ಮೊಟ್ಟೆ ನನಗೆ ಮೊದಲ ಸಲ ಬಂದದ್ದು ಅಂಚೆಯಲ್ಲಿ! ಪ್ಲಾಸ್ಟಿಕ್ ಪೊಟ್ಟಣದೊಳಗೆ ಒಂದು ಹಿಡಿ ತೇವದ ನಾರಿನ ಪುಡಿ. ಅಮ್ಮ ಬಿಚ್ಚಿ ನೋಡಿ, "ಇದೆಂಥ ಮಾರಾಯ, ಕಾಫಿ ಚರಟನಾ?" ಅಂದರು. ಮಲ್ಲಿಗೆ ಬುಡಕ್ಕೆ ಸುರಿಯಲು ಹೊರಟೇಬಿಟ್ಟಿದ್ದರು. ಓಡಿಹೋಗಿ ಕಸಿದುಕೊಂಡು ಡಬ್ಬಿಯಲ್ಲಿಟ್ಟೆ. ನವರಾತ್ರಿಗೆ ಬಂದ ಪೊಟ್ಟಣ, ಸಂಕ್ರಾಂತಿ ಕಳೆದ ಮೇಲೆ ತೆರೆದೆ. ಭೂತಗನ್ನಡಿ ಹಿಡಿದರೆ, ಸಾಸಿವೆಗಿಂತ ಸಣ್ಣ ಮೊಟ್ಟೆ, ಗಾಜಿನ ಮಣಿ ಹಾಗೆ. ಒಳಗೆ ಮರಿ ಸುರುಳಿ ಸುತ್ತಿಕೊಂಡಿದೆ. ಕಪ್ಪು ಕಣ್ಣು, ಅದರ ಸುತ್ತ ಚಿನ್ನದ ಬಳೆ. ಆ ಬಳೆ ಕಂಡರೆ ಮರಿ ತಯಾರು ಅಂತ ಲೆಕ್ಕ. ಮಧ್ಯಾಹ್ನ ತಣ್ಣನೆ ಬಾವಿ ನೀರು ಹಾಕಿದೆ. ದೀಪ ಹಚ್ಚುವ ಹೊತ್ತಿಗೆ ಬೋಗುಣಿಯಲ್ಲಿ ಕಣ್ಣುಗಳು ಓಡಾಡುತ್ತಿದ್ದವು. ಮೈ ಕಾಣುತ್ತಿಲ್ಲ, ಕಣ್ಣು ಮಾತ್ರ. ಅಮ್ಮ ಬಗ್ಗಿ ನೋಡಿದರು. "ಮೂರು ತಿಂಗಳು ನೀರೇ ಇರಲಿಲ್ಲ ಅಲ್ವಾ ಇದಕ್ಕೆ?" ಅಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಊಟ ತಡವಾಯಿತು.

ಎಲ್ಲ ಮೊಟ್ಟೆಯೂ ಒಡೆಯಲಿಲ್ಲ. ಪುಡಿಯನ್ನು ಮತ್ತೆ ಆರಲು ಇಟ್ಟು, ತಿಂಗಳು ಬಿಟ್ಟು ನೀರು ಹಾಕಿದರೆ ಇನ್ನಷ್ಟು ಮರಿ! ಅದರ ಊರಲ್ಲಿ ಹೊಂಡ ಬತ್ತಿದರೆ ತಂದೆತಾಯಿ ಸಾಯುತ್ತವೆ, ಮೊಟ್ಟೆ ಕೆಸರಲ್ಲಿ ಮಳೆ ಕಾಯುತ್ತದೆ. ಮೊದಲ ಮಳೆ ಕೈಕೊಟ್ಟರೆ? ಅದಕ್ಕೇ ಒಂದಷ್ಟು ಮೊಟ್ಟೆ ಹಿಂದೆ ಉಳಿಯುತ್ತವೆ. ಮನೆಯ ಬಿತ್ತನೆ ಬೀಜವನ್ನೆಲ್ಲ ಒಂದೇ ಮಳೆಗೆ ಚೆಲ್ಲುವ ರೈತ ಯಾರಿದ್ದಾರೆ?

ಆ ಪೊಟ್ಟಣಕ್ಕೆ ಒಂದು ಚೀಟಿ ಅಂಟಿಸಿತ್ತು. ಮೀನಿನ ಜಾತಿ, ಅದು ಸಿಕ್ಕಿದ ಜಾಗದ ಹೆಸರು, ಮೊಟ್ಟೆ ತೆಗೆದ ದಿನ. ಕಿಲ್ಲಿ ಸಾಕುವವರು ಎಲ್ಲೇ ಇರಲಿ, ಆ ಚೀಟಿ ಕೀಳುವುದಿಲ್ಲ. ಒಂದೇ ಜಾತಿಯಾದರೂ ಎರಡು ಹೊಂಡದ ಮೀನು ಬೆರೆಸುವುದಿಲ್ಲ. ಒಂದು ಹೊಂಡದ್ದು ಇನ್ನೊಂದರ ಹಾಗೆ ಇರಲೇಬೇಕು ಅಂತೇನಿಲ್ಲ. ಒಮ್ಮೆ ಬೆರೆತರೆ ಬೇರೆ ಮಾಡಲಾಗದು.

ಈಗ ಎರಡನೇ ಬಾಟಲಿ. ಅಪ್ಲೊಕೈಲಸ್ ಲಿನಿಯೇಟಸ್. ವಿಜ್ಞಾನಿಗಳು 1846ರಲ್ಲೇ ಹೆಸರಿಟ್ಟರು. ನಾವು ಹುಡುಗರು ನೆತ್ತಿಬೊಟ್ಟು ಅನ್ನುತ್ತಿದ್ದೆವು. ಮೇಲಿನಿಂದ ನೋಡಿ, ನೆತ್ತಿಯಲ್ಲಿ ಬೆಳ್ಳಿ ಬೊಟ್ಟು ಮಿನುಗುತ್ತದೆ. ಕೇರಳದವರು ಮಾನತ್ತುಕಣ್ಣಿ ಅನ್ನುತ್ತಾರೆ, ಆಕಾಶಕ್ಕೆ ಕಣ್ಣಿಟ್ಟದ್ದು. ಶೃಂಗೇರಿಯಲ್ಲಿ ದೊಡ್ಡ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿಯುವ ನಾವು, ತೋಟದ ಈ ಮೀನನ್ನು ಒಮ್ಮೆಯೂ ಬಗ್ಗಿ ನೋಡಿಲ್ಲ. ಹೊರದೇಶದವರು ಇದನ್ನು ಆಸೆಪಟ್ಟು ಸಾಕುತ್ತಾರೆ.

ಸೊಳ್ಳೆ ಮರಿ ತಿನ್ನಲಿ ಅಂತ 1928ರಲ್ಲಿ ಗಂಬೂಸಿಯಾ ಮೀನನ್ನು ನಮ್ಮ ದೇಶಕ್ಕೆ ತಂದರು. ಅದರ ಮೂಲ ಅಮೆರಿಕ. ಅದು ಬೇರೆ ಮೀನಿನ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ. ನಮ್ಮ ನೆತ್ತಿಬೊಟ್ಟು ಸೊಳ್ಳೆ ಮರಿಯನ್ನು ಚೆನ್ನಾಗಿಯೇ ತಿನ್ನುತ್ತದೆ. ಇರುವ ಮೀನನ್ನು ಇರಲು ಬಿಡಿ. ಕಾಲುವೆಗೆ ವಿಷದ ಔಷಧಿ ಹರಿಸಬೇಡಿ. ಅಂಗಡಿಯಿಂದ ತಂದ ಗಪ್ಪಿ ಸಾಕಿ ಸಾಕಾಯಿತು ಅಂತ ಕೆರೆಗೆ ಸುರಿಯಬೇಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆಹಾರ, ರೋಗದ ವಿಷಯ ಬಿಡುತ್ತೇನೆ. ತೊಟ್ಟಿಗೆ ಮುಚ್ಚಳ ಮಾತ್ರ ಮರೆಯಬೇಡಿ, ಈ ಮೀನು ಹಾರುತ್ತದೆ.

ಎರಡನೇ ಬಾಟಲಿಯಲ್ಲಿ ಹಸಿರು ಉಲ್ಲನ್ ಕುಚ್ಚು ತೇಲುತ್ತಿದೆಯಲ್ಲ, ಅದರಲ್ಲಿ ಈ ವಾರದ ಮೊಟ್ಟೆಗಳಿವೆ. ಬೆರಳಲ್ಲಿ ಮೆಲ್ಲಗೆ ಬಿಡಿಸಬಹುದು, ಒಡೆಯುವುದಿಲ್ಲ. ಸುಮಾರು ಎರಡು ವಾರಕ್ಕೆ ಮರಿ. ಬೇಕಾದವರು ಒಯ್ಯಿರಿ. ಸಾಕಲು ಆಗದಿದ್ದರೆ ಕೆರೆಗೆ ಬಿಡದೆ ನನಗೇ ವಾಪಸ್ ತಂದುಕೊಡಿ. ಬಾಟಲಿಯ ಚೀಟಿಯಲ್ಲಿರುವ ಊರಿನ ಹೆಸರನ್ನು ನಿಮ್ಮ ಬಾಟಲಿಗೂ ಬರೆದುಕೊಳ್ಳಿ. ಪೆನ್ನು ಇಲ್ಲೇ ಇದೆ.