ಮಾಳಿಗೆಯ ಬೀಗದ ಕೈ

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ಬೇಸಿಗೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಬಿಸಿಲು 42 ಡಿಗ್ರಿ ದಾಟಿದ ದಿನ ರಾತ್ರಿಯೂ ಗೋಡೆ ಸುಡುತ್ತದೆ. ನಾನು ಸಣ್ಣವನಿದ್ದಾಗ ಸಂಜೆಯೇ ಮಾಳಿಗೆಗೆ ನೀರು ಹೊಡೆದು, ಊಟ ಆದಮೇಲೆ ಹಾಸಿಗೆ ಹೊತ್ತು ಮೇಲೆ ಹೋಗುತ್ತಿದ್ದೆವು. ಈಗ ಜೇವರ್ಗಿ ರಸ್ತೆ ಕಡೆ ಇಪ್ಪತ್ತು ಮನೆಗಳ ಹಳೆಯ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಮಾಳಿಗೆ ಇದೆ, ಬಾಗಿಲಿಗೆ ಬೀಗವೂ ಇದೆ. ಬೀಗದ ಕೈ ಮಾತ್ರ ಬಿಲ್ಡರ್ ಹತ್ತಿರ. ಮೇಲೆ ನಿಲ್ಲಿಸಿರುವ ಜಾಹೀರಾತು ಫಲಕದ ಬಾಡಿಗೆ ಅವರಿಗೆ, ಮಾಳಿಗೆ ಸೋರಿದರೆ ರಿಪೇರಿ ಖರ್ಚು ನಮಗೆ.

ನಮ್ಮಲ್ಲೂ ಒಂದು ಸಂಘ ಇದೆ, ಖಜಾಂಚಿ ನಾನೇ. ನಾಲ್ಕು ಮಂದಿ ಸೇರಿ ವಕೀಲರನ್ನು ಕಂಡೆವು. ಅವರು ಕೇಳಿದ್ದು ಒಂದೇ ಮಾತು: "ಡಿಕ್ಲರೇಷನ್ ಡೀಡ್ ಎಲ್ರಿ?" ಒಬ್ಬರ ಮುಖ ಒಬ್ಬರು ನೋಡಿದೆವು.

ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ 1972ರದ್ದು. ಅಡಿಪಾಯ, ಮೆಟ್ಟಿಲು, ಲಿಫ್ಟ್, ಮಾಳಿಗೆ ಎಲ್ಲವೂ ಎಲ್ಲ ಮಾಲೀಕರಿಗೂ ಸೇರಿದ್ದು, ಪಾಲು ಮಾಡಿಕೊಳ್ಳುವ ಹಾಗಿಲ್ಲ ಎನ್ನುತ್ತದೆ ಅದು. ವಕೀಲರು ಕೇಳಿದ ಡಿಕ್ಲರೇಷನ್ ಡೀಡ್, ಅಂದರೆ ಘೋಷಣಾ ಪತ್ರದಲ್ಲಿ ಬೇರೆ ಥರ ಬರೆದಿರಬಾರದು, ಅಷ್ಟೇ. ಆದರೆ ಆ ಪತ್ರಕ್ಕೆ ಎಲ್ಲ ಮಾಲೀಕರೂ ಸಹಿ ಹಾಕಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಮೇಲೆಯೇ ಕಾಯ್ದೆ ನಮ್ಮ ಗೇಟಿನೊಳಗೆ ಬರುವುದು. ಅಲ್ಲಿಯವರೆಗೆ ಕಾನೂನು ರಸ್ತೆಯಲ್ಲೇ ನಿಂತಿರುತ್ತದೆ. ಹತ್ತೊಂಬತ್ತು ಜನ ಒಪ್ಪಿ ಒಬ್ಬರು ಒಲ್ಲೆ ಎಂದರೂ ಕೆಲಸ ನಿಂತಂತೆ. ಕಾಯ್ದೆ ಬರೆದವರು ಅಪಾರ್ಟ್‌ಮೆಂಟಿನಲ್ಲಿ ಒಂದು ವಾರವೂ ಇದ್ದವರಲ್ಲ ಅನಿಸುತ್ತದೆ ನನಗೆ.

ಖಜಾಂಚಿಗೆ ಖುಷಿ ಕೊಡುವ ಮಾತೂ ಅದರಲ್ಲಿದೆ. ನಮ್ಮ ಕೆಳಗಿನ ಮನೆಯವರು ಮೆಂಟೆನೆನ್ಸ್ ಕೇಳಿದಾಗಲೆಲ್ಲ, "ನಾವು ಲಿಫ್ಟ್ ಹತ್ತೋದೇ ಇಲ್ಲ, ರೊಕ್ಕ ಯಾಕೆ?" ಅಂತಾರೆ. ಬಳಸುವುದಿಲ್ಲ ಅಂತ ಹೇಳಿ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಬಾಕಿ ಆ ಮನೆಯ ಮೇಲೆಯೇ ಕೂರುತ್ತದೆ. ಸರ್ಕಾರದ ತೆರಿಗೆ ಮತ್ತು ಮೊದಲ ಅಡಮಾನದ ಸಾಲ ಬಿಟ್ಟರೆ ವಸೂಲಿಯಲ್ಲಿ ಮುಂದಿನ ಸರದಿ ಸಂಘದ್ದೇ. ಇದೂ ಆ ಪತ್ರ ಆದಮೇಲಿನ ಮಾತು ಅನ್ನಿ.

ಹೊಸದಾಗಿ ಮನೆ ಕೊಳ್ಳುವವರ ಪರಿಸ್ಥಿತಿ ಸ್ವಲ್ಪ ವಾಸಿ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ, ಮಾಳಿಗೆ, ತೆರೆದ ಪಾರ್ಕಿಂಗ್ ಎರಡನ್ನೂ ಸಾಮಾನ್ಯ ಜಾಗ ಎಂದು ಹೆಸರು ಹಿಡಿದೇ ಹೇಳಿದೆ. ಸಂಘ ಕಟ್ಟಿಸುವುದು ಬಿಲ್ಡರ್ ಹೊಣೆ. ಕೊಳ್ಳುವ ಮೊದಲು ಘೋಷಣಾ ಪತ್ರದ ಕರಡು ಕೇಳಿ ಓದಿ. ಟೈಲ್ಸ್ ಬಣ್ಣ ಆಮೇಲೆ ನೋಡಿದರೂ ಆಗುತ್ತದೆ, ಅಲ್ವಾ?

ನಮ್ಮಲ್ಲಿ ಈಗ ಹತ್ತೊಂಬತ್ತು ಸಹಿ ಆಗಿವೆ, ಕೆಳಗಿನ ಮನೆಯವರದೂ ಸೇರಿ. ಉಳಿದವರು ಪುಣೆಯಲ್ಲಿದ್ದಾರೆ. ಮುಖತ್ಯಾರ ಪತ್ರ ಕಳಿಸಿ ಎಂದರೆ ನಂಬಿಕೆ ಇಲ್ಲ. ಶರಣಬಸವೇಶ್ವರ ಜಾತ್ರೆಗೆ ಬರುತ್ತೇನೆ, ಮರುದಿನವೇ ಸಹಿ ಹಾಕುತ್ತೇನೆ ಎಂದಿದ್ದಾರೆ. ಜಾತ್ರೆ ಮಾರ್ಚ್ ಹೊತ್ತಿಗೆ. ಸೆಕೆ ಏರುವುದು ಆಮೇಲೆ. ನನ್ನ ಹೆಂಡತಿ ಮಾತ್ರ ಈಗಲೇ ಹಳೆ ಚಾಪೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ.

ನಮಸ್ಕಾರ.